ಕಂಪ್ಯೂಟರಲ್ಲಿ ಹಾಗೇ ಇದೆ ಸಾರ್

"ಕಂಪ್ಯೂಟರಲ್ಲಿ ಹಾಗೇ ಇದೆ ಸಾರ್." ಈ ಮಾತನ್ನ ಕೇಳದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ. ಬ್ಯಾಂಕಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ, ಆಧಾರ್ ತಿದ್ದುವ ಕೌಂಟರಿನಲ್ಲಿ. ಹೇಳುವವರ ದನಿಯಲ್ಲಿ ಕೋಪ ಇರಲ್ಲ, ಮಾತು ಅಲ್ಲಿಗೆ ಮುಗೀತು ಅನ್ನೋ ನಿರಾಳ ಇರುತ್ತೆ. ತಮಾಷೆ ಏನಂದ್ರೆ, ಅದೇ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನಮಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಶುಕ್ರವಾರ ಸಂಜೆ ರಿಲೀಸ್ ಮಾಡೋಣ್ವಾ ಅಂತ ನಿಮ್ಮ ಟೀಮಲ್ಲೊಮ್ಮೆ ಕೇಳಿ ನೋಡಿ, ಯಾರ ಮುಖ ಹೇಗಾಗುತ್ತೆ ಅಂತ.

ನಾನಿರೋದು ರಾಮಮೂರ್ತಿ ನಗರದಲ್ಲಿ. 2024ರ ಅಕ್ಟೋಬರಿನಿಂದ ಇಲ್ಲಿ ಟೀ ಅಂಗಡಿ ಮುಂದೆ ನಿಂತರೂ ಇ-ಖಾತೆಯ ಮಾತೇ. ಬಿಬಿಎಂಪಿ ಸುಮಾರು 22 ಲಕ್ಷ ಆಸ್ತಿಗಳ ಕರಡು ಇ-ಖಾತೆಯನ್ನ ಆನ್‌ಲೈನಿಗೆ ಹಾಕಿತು. ಇ-ಖಾತೆ ಇಲ್ಲದೆ ಮನೆ, ಸೈಟು ರಿಜಿಸ್ಟರ್ ಆಗಲ್ಲ ಅಂತಾಯ್ತು. ನಮ್ಮ ಸುತ್ತಿನ ಎಷ್ಟೋ ಮನೆಗಳ ಕಾಗದ ಗ್ರಾಮ ಪಂಚಾಯಿತಿಯಲ್ಲಿ ಹುಟ್ಟಿ, ನಗರಸಭೆಯಲ್ಲಿ ಬೆಳೆದು, 2007ರಲ್ಲಿ ಬಿಬಿಎಂಪಿಗೆ ಬಂದವು. ಒಂದೊಂದು ಕಡೆ ಒಂದೊಂದು ಕೈಬರಹ. ಅದನ್ನೆಲ್ಲ ಸ್ಕ್ರೀನಿಗೆ ತರುವಾಗ ಅಕ್ಷರ, ಅಂಕಿ ಆಚೀಚೆ ಆಗೋದು ಸಹಜ. ಅದಕ್ಕೇ ಅದನ್ನ 'ಕರಡು' ಅಂದರು, ಆಕ್ಷೇಪಣೆ ಸಲ್ಲಿಸೋಕೆ ಜಾಗ ಇಟ್ಟರು. ಈ 'ಕರಡು' ಅನ್ನೋ ಪದ ನನಗೆ ತುಂಬ ಇಷ್ಟ. ನಮ್ಮ ಲೆಕ್ಕ ತಪ್ಪಿರಬಹುದು, ನೀವೊಮ್ಮೆ ನೋಡಿ ಹೇಳಿ ಅನ್ನೋ ವಿನಯ ಅದರಲ್ಲಿದೆ.

ಆ ವಿನಯ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಅಂಚೆ ಕಚೇರಿ ಸಾಕ್ಷಿ. ಅಲ್ಲಿ ಸಣ್ಣ ಊರಿನ ಅಂಚೆ ಕಚೇರಿಯನ್ನ ಸಾಮಾನ್ಯವಾಗಿ ಒಬ್ಬ ಸಬ್‌ಪೋಸ್ಟ್‌ಮಾಸ್ಟರ್ ನಡೆಸ್ತಾರೆ, ಪಕ್ಕದಲ್ಲೇ ದಿನಸಿ ಅಂಗಡಿ ಇಟ್ಟುಕೊಂಡು. 1999ರಿಂದ ಅವರಿಗೆ 'ಹೊರೈಜನ್' ಅನ್ನೋ ಸಾಫ್ಟ್‌ವೇರ್ ಬಂತು. ಒದಗಿಸಿದ್ದು ಫುಜಿತ್ಸು. ಆಮೇಲೆ ಒಬ್ಬೊಬ್ಬರ ಲೆಕ್ಕದಲ್ಲೂ ಹಣ ಕಡಿಮೆ ಬೀಳೋಕೆ ಶುರುವಾಯ್ತು. ಇವತ್ತು ಸಾವಿರ ಪೌಂಡ್, ನಾಳೆ ಹತ್ತು ಸಾವಿರ. ಕರಾರಿನ ಪ್ರಕಾರ ಅದನ್ನ ಅವರೇ ತುಂಬಬೇಕು. ಸಾಲ ಮಾಡಿ ತುಂಬಿದರು, ಮನೆ ಅಡ ಇಟ್ಟು ತುಂಬಿದರು. ಸಹಾಯವಾಣಿಗೆ ಫೋನ್ ಮಾಡಿದರೆ "ಈ ತೊಂದರೆ ನಿಮಗೊಬ್ಬರಿಗೇ" ಅನ್ನೋ ಉತ್ತರ ಬಂತು ಅಂತ ಎಷ್ಟೋ ಜನ ಆಮೇಲೆ ಸಾಕ್ಷಿ ಹೇಳಿದ್ದಾರೆ. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಅದರಲ್ಲಿ ಹೆಚ್ಚಿನ ಕೇಸುಗಳನ್ನ ಹಾಕಿದ್ದು ಸ್ವತಃ ಅಂಚೆ ಸಂಸ್ಥೆ. ಭಾರತ ಮೂಲದ ಸೀಮಾ ಮಿಶ್ರಾ 2010ರ ನವೆಂಬರಿನಲ್ಲಿ ಜೈಲಿಗೆ ಹೋದಾಗ ಗರ್ಭಿಣಿ. ಅವತ್ತು ಅವರ ಮಗನ ಹತ್ತನೇ ಹುಟ್ಟುಹಬ್ಬ. ಅವರ ಮೇಲಿನ ತೀರ್ಪು ರದ್ದಾಗಿದ್ದು 2021ರ ಏಪ್ರಿಲ್‌ನಲ್ಲಿ.

ನಮ್ಮ ಕಸುಬಿನವರಿಗೆ ಒಂದು ಉದಾಹರಣೆ ಸಾಕು. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಅನ್ನೋ ಊರಲ್ಲಿ ಒಬ್ಬರು 8,000 ಪೌಂಡ್ ನಗದಿನ ವರ್ಗಾವಣೆ ನಮೂದಿಸ್ತಾ ಎಂಟರ್ ಒತ್ತಿದರು. ಸ್ಕ್ರೀನ್ ಅಲ್ಲಾಡಲಿಲ್ಲ. ಮತ್ತೆ ಒತ್ತಿದರು. ವ್ಯವಸ್ಥೆ ಅದನ್ನ ನಾಲ್ಕು ಸಲ ದಾಖಲಿಸಿಕೊಂಡಿತು, 24,000 ಪೌಂಡ್ ವ್ಯತ್ಯಾಸ ಬಂತು. ಪೇಮೆಂಟ್ ಬಟನ್ನನ್ನ ಎರಡು ಸಲ ಒತ್ತಿದರೆ ಎರಡು ಸಲ ದುಡ್ಡು ಹೋಗಬಾರದು ಅಂತ ನಾವು ಹೊಸ ಹುಡುಗರಿಗೆ ಮೊದಲ ತಿಂಗಳಲ್ಲೇ ಹೇಳಿಕೊಡ್ತೀವಲ್ಲ, ಅದೇ ಪಾಠ.

ಇಂಥ ತಪ್ಪು ಎಲ್ಲ ಸಾಫ್ಟ್‌ವೇರಿನಲ್ಲೂ ಇರುತ್ತೆ. ನ್ಯಾಯಾಲಯಕ್ಕೆ ಅದು ಕಾಣಲಿಲ್ಲ ಯಾಕೆ? ಇಂಗ್ಲೆಂಡಿನಲ್ಲಿ 1984ರ ಒಂದು ಕಾಯ್ದೆಯ 69ನೇ ಕಲಮಿನ ಪ್ರಕಾರ, ಕಂಪ್ಯೂಟರ್ ದಾಖಲೆ ತರುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ತೋರಿಸಬೇಕಿತ್ತು. ಇದು ಬರೀ ತಲೆನೋವು ಅಂತ ಕಾನೂನು ಆಯೋಗ ಹೇಳಿದ ಮೇಲೆ 1999ರ ಶಾಸನದಲ್ಲಿ ಅದನ್ನ ಕಿತ್ತುಹಾಕಿದರು. ಅಲ್ಲಿಂದ ಮುಂದೆ ಕಂಪ್ಯೂಟರ್ ಸರಿಯಾಗಿದೆ ಅಂತಲೇ ಭಾವಿಸೋದು, ಇಲ್ಲ ಅನ್ನುವವರು ಸಾಕ್ಷಿ ತರೋದು. ಈಗ ಯೋಚಿಸಿ. ದಿನಸಿ ಅಂಗಡಿಯವರು ಎಲ್ಲಿಂದ ತರಬೇಕು ಸಾಕ್ಷಿ? ಲಾಗ್ ಇರೋದು ಕಂಪನಿ ಹತ್ತಿರ, ಬಗ್ ಪಟ್ಟಿ ಇರೋದೂ ಕಂಪನಿ ಹತ್ತಿರ. ಆಲನ್ ಬೇಟ್ಸ್ ನೇತೃತ್ವದಲ್ಲಿ 555 ಜನ ಒಟ್ಟಾಗಿ ದಾವೆ ಹೂಡಿದ ಮೇಲಷ್ಟೇ, 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ಹೊರೈಜನ್‌ನಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟರು. 2024ರ ಜನವರಿಯಲ್ಲಿ ಟಿವಿಯಲ್ಲಿ ಧಾರಾವಾಹಿ ಬಂದು ದೇಶವೇ ಎದ್ದು ಕೂತಿತು. ಮೇ ತಿಂಗಳಲ್ಲಿ ನೂರಾರು ಶಿಕ್ಷೆಗಳನ್ನ ಒಂದೇ ಏಟಿಗೆ ರದ್ದು ಮಾಡುವ ಕಾಯ್ದೆಯನ್ನ ಸಂಸತ್ತು ತಂದಿತು. ಕಂಪ್ಯೂಟರಿನ ಪರವಾದ ಆ ಭಾವನೆಯನ್ನೇ ಬದಲಿಸಬೇಕಾ ಅಂತ ಅಲ್ಲಿನ ನ್ಯಾಯ ಇಲಾಖೆ 2025ರ ಜನವರಿಯಲ್ಲಿ ಅಭಿಪ್ರಾಯ ಕೇಳಿತು.

ಅಯ್ಯೋ, ಅದು ಲಂಡನ್ ಕಥೆ ಅಂತೀರಾ? ನಮ್ಮಪ್ಪನ ಕಥೆ ಕೇಳಿ. ಕರ್ನಾಟಕದ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋಗಿ ಈಗ ಎರಡು ದಶಕದ ಮೇಲಾಯ್ತು. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿ ಗಣಕಕ್ಕೆ ಏರಿದವು. ಶ್ಯಾನುಭೋಗರ ಕಾಲದಿಂದ ಪೆಟ್ಟಿಗೆಯಲ್ಲಿದ್ದ ಲೆಕ್ಕ ಕಿಟಕಿಯಲ್ಲಿ ಸಿಗೋ ಹಾಗಾಯ್ತು, ಅದು ದೊಡ್ಡ ಕೆಲಸವೇ. ಆದರೆ ಅಪ್ಪನ ಕೈಬರಹದ ಪಹಣಿಯಲ್ಲಿ 1 ಎಕರೆ 32 ಗುಂಟೆ ಇದ್ದದ್ದು ಪ್ರಿಂಟಿನಲ್ಲಿ 1 ಎಕರೆ 23 ಗುಂಟೆ ಆಗಿ ಬಂತು. ಅಂಕಿ ಎರಡು ಜಾಗ ಬದಲಾಯಿಸಿಕೊಂಡಿದ್ದವು, ಅಷ್ಟೇ. ಆ 9 ಗುಂಟೆಯಲ್ಲೇ ನಮ್ಮ ಬೋರ್‌ವೆಲ್ ಇರೋದು. ಅಪ್ಪ ಮಾಸಿದ ಹಳೇ ಕಾಗದ ಹಿಡಿದು ಹೋದರೆ, ಕಚೇರಿಯಲ್ಲಿ ಸಿಕ್ಕಿದ್ದು ಅದೇ ಮಾತು. "ಕಂಪ್ಯೂಟರಲ್ಲಿ ಹಾಗೇ ಇದೆ ಯಜಮಾನ್ರೇ."

ಅವರೂ ಕಾನೂನು ಬಿಟ್ಟು ಮಾತಾಡಿರಲಿಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೇ ಕಲಂ ಹೇಳೋದು ಇಷ್ಟೇ: ಹಕ್ಕು ದಾಖಲೆಯಲ್ಲಿರೋ ನಮೂದು, ತಪ್ಪು ಅಂತ ಸಾಬೀತಾಗುವವರೆಗೆ ಸರಿ ಅಂತಲೇ ಭಾವಿಸತಕ್ಕದ್ದು. ದಾಖಲೆಗೆ ಇಂಥ ಬಲ ಬೇಕು, ಇಲ್ಲದಿದ್ರೆ ದಿನಾ ಒಬ್ಬ ಬಂದು ಹೊಲ ನಂದು ಅಂತಾನೆ. ಆದರೆ ಸಾಬೀತು ಮಾಡುವ ಭಾರ ಬಿದ್ದಿದ್ದು ಟೈಪ್ ಮಾಡಿದವರ ಮೇಲಲ್ಲ, ಅಪ್ಪನ ಮೇಲೆ. ತಿದ್ದುಪಡಿ ಅರ್ಜಿ, ಆಕಾರ್‌ಬಂದ್ ನಕಲು, ಸರ್ವೆಯವರಿಗೆ ಕಾಯೋದು. ಬೆಳಗ್ಗೆ ಹಾಲು ಕರೆದಿಟ್ಟು ಮೊದಲ ಬಸ್ಸು ಹಿಡಿದು ಹೋಗಿ, ಕತ್ತಲಾದ ಮೇಲೆ ಬರೋರು. ನಾನಾಗ ಬಿಇ ಓದ್ತಿದ್ದೆ, ಡೇಟಾಬೇಸ್ ವಿಷಯದಲ್ಲಿ ಒಳ್ಳೇ ಮಾರ್ಕ್ಸ್ ಬಂದಿತ್ತು. ಒಂದು ಸಲ ಅಪ್ಪ ಕೇಳಿದರು, "ಬರೆದಿದ್ದನ್ನ ಹೊಡೆದು ಹಾಕಿ ತಿದ್ದೋಕೆ ಶ್ಯಾನುಭೋಗರಿಗೆ ಒಂದು ಗೀಟು ಸಾಕಿತ್ತಲ್ಲೋ, ನಿನ್ ಮಿಷಿನ್ನಿಗೆ ಯಾಕೋ ಇಷ್ಟು ದಿನ?" 9 ಗುಂಟೆ ವಾಪಸ್ ಬರೋಕೆ ಮೂರು ವರ್ಷ ಆಯ್ತು. ಆ ಮೂರು ವರ್ಷ ಬೆಳೆ ಸಾಲ ಸಿಕ್ಕಿದ್ದು ಪ್ರಿಂಟಿನಲ್ಲಿದ್ದಷ್ಟು ಜಮೀನಿಗೆ ಮಾತ್ರ.

ನಮ್ಮ ಕೋರ್ಟುಗಳಲ್ಲಿ ಹೇಗಿದೆ ಅಂತ ಆಮೇಲೆ ಓದಿದೆ. ಒಂದು ವಿಚಾರದಲ್ಲಿ ಭಾರತ ಬ್ರಿಟನ್ನಿಗಿಂತ ಎಚ್ಚರವಾಗಿದೆ. 2000ದಲ್ಲಿ ನಮ್ಮ ಸಾಕ್ಷ್ಯ ಕಾಯ್ದೆಗೆ ಸೇರಿದ 65ಬಿ ಕಲಂ ಬ್ರಿಟನ್ನಿನದೇ 1968ರ ಕಾನೂನಿನ ಅಚ್ಚು. ಅವರು ಅದನ್ನ ಬಿಟ್ಟರು, ನಾವು ಇಟ್ಟುಕೊಂಡೆವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲೂ ಅದೇ ಇದೆ: ಕಂಪ್ಯೂಟರ್ ಸರಿಯಾಗಿ ನಡೀತಿತ್ತು ಅಂತ ಪ್ರಮಾಣಪತ್ರ ಬೇಕು, ಈಗ ತಜ್ಞರ ಸಹಿಯೂ ಬೇಕು, ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೀಬೇಕು.

ಆದರೆ ಹ್ಯಾಶ್ ಏನು ಹೇಳುತ್ತೆ ಅಂತ ನಮಗೆ ಗೊತ್ತು. ಫೈಲನ್ನ ತೆಗೆದುಕೊಂಡ ಮೇಲೆ ಯಾರೂ ಮುಟ್ಟಿಲ್ಲ ಅಂತ ಹೇಳುತ್ತೆ. ಒಳಗಿನ ಅಂಕಿ ಹುಟ್ಟುವಾಗಲೇ ತಪ್ಪಾಗಿದ್ರೆ, ಆ ತಪ್ಪನ್ನೂ ಅಷ್ಟೇ ನಿಯತ್ತಾಗಿ ಕಾಯುತ್ತೆ. ಅಪ್ಪನ 23 ಗುಂಟೆಗೂ ಚೆಂದದ ಹ್ಯಾಶ್ ಬರ್ತಿತ್ತು. ಡಾಲ್ಮೆಲಿಂಗ್ಟನ್ನಿನ ನಾಲ್ಕು ನಮೂದಿಗೂ ಬರ್ತಿತ್ತು. ಪ್ರಮಾಣಪತ್ರ ಮಾಮೂಲಿ ಫಾರಂ ಆಗಿಬಿಟ್ಟರೆ ನಮಗೂ ಬ್ರಿಟನ್ನಿಗೂ ಹೆಚ್ಚು ವ್ಯತ್ಯಾಸ ಉಳಿಯಲ್ಲ. ಒಬ್ಬರ ವಿರುದ್ಧ ಸಾಫ್ಟ್‌ವೇರಿನ ಲೆಕ್ಕ ನಿಲ್ಲಿಸುವ ಸಂಸ್ಥೆ, ಅದರ ಗೊತ್ತಿರೋ ದೋಷಗಳ ಪಟ್ಟಿ, ದೂರವಾಣಿಗೆ ಬಂದ ದೂರುಗಳು, ಹಿಂದಿನಿಂದ ಯಾರ್ಯಾರು ಡೇಟಾ ತಿದ್ದಬಲ್ಲರು ಅನ್ನೋ ವಿವರ, ಇಷ್ಟನ್ನೂ ಕೋರ್ಟಿನ ಮೇಜಿನ ಮೇಲೆ ಇಡಬೇಕು. ದಾಖಲೆ ಯಾರ ಕೈಲಿದೆಯೋ ಭಾರವೂ ಅವರ ಮೇಲೇ ಇರಲಿ. ಇದನ್ನ ಕೇಳೋಕೆ ವಕೀಲರೇ ಆಗಬೇಕಿಲ್ಲ. ಆ ಪಟ್ಟಿಯ ಹೆಸರು ಜಿರಾ ಅಂತ ಗೊತ್ತಿರೋ ನಾವೇ ಮೊದಲು ಕೇಳಬೇಕು.

ಅಲ್ಲೀವರೆಗೆ ಎರಡು ಚಿಕ್ಕ ಕೆಲಸ. ನಿಮ್ಮ ಮನೆಯ ಕರಡು ಇ-ಖಾತೆಯನ್ನ, ಊರಲ್ಲಿರೋ ಪಹಣಿಯನ್ನ ಈ ವಾರವೇ ತೆಗೆದು ಹಳೇ ಕಾಗದದ ಪಕ್ಕ ಇಟ್ಟು ಅಂಕಿ ಅಂಕಿ ತಾಳೆ ನೋಡಿ. ಹಳೇ ಕಾಗದ ಎಸೀಬೇಡಿ. ಇನ್ನು ಆಫೀಸಿಗೆ ಹೋದಾಗ, ನೀವು ಬರೆಯೋ ಸ್ಕ್ರೀನಿನಲ್ಲಿ ಯಾರದೋ ದುಡ್ಡೋ ಜಮೀನೋ ಕಾಣಿಸೋ ಹಾಗಿದ್ರೆ, "ಇದು ಸರಿಯಿಲ್ಲ" ಅಂತ ಒತ್ತೋಕೆ ಅವರಿಗೊಂದು ಬಟನ್ ಇಡಿ. ಅದು ಯಾರೋ ಒಬ್ಬ ಮನುಷ್ಯರ ಹತ್ತಿರ ಹೋಗಿ ತಲುಪೋ ಹಾಗೆ ನೋಡ್ಕೊಳ್ಳಿ.