ಬೀಳುವ ಸೈಕಲ್ಲು, ಏಳುವ ಹುಡುಗ

ವಿಜಯಪುರ, ಬಾಗಲಕೋಟೆ ಸೀಮೆಗೆ ಸೈಕಲ್ ರೇಸಿನ ಹುಚ್ಚು ಹೊಸದಲ್ಲ. ಬಯಲುನಾಡಿನ ನೇರ ರಸ್ತೆ, ಕ್ರೀಡಾ ಹಾಸ್ಟೆಲಿನ ಆಸರೆ ಇದ್ದರೆ ಸಾಕು, ಹಾಲಿನ ಕ್ಯಾನು ಹೊರುವ ಸೈಕಲ್ಲಿನ ಮೇಲೇ ಹುಡುಗ ಬಾಗಿ ತುಳಿಯತೊಡಗುತ್ತಾನೆ. ಒಂದು ಪದಕ ಬಂತೆಂದರೆ ಮನೆಯಲ್ಲಿ ಬೇಡಿಕೆ ಶುರು: ‘ಕಾರ್ಬನ್ ಸೈಕಲ್ ಬೇಕು.’ ಒಳ್ಳೆಯದಕ್ಕೆ ಲಕ್ಷದ ಮಾತು. ತಾಯಿ ಬಳೆ ನೋಡಿಕೊಳ್ಳುತ್ತಾಳೆ, ತಂದೆ ಹೊಲದ ಕಡೆ ನೋಡುತ್ತಾನೆ.

ಹುಡುಗ ಹೇಳುವುದು ಸುಳ್ಳಲ್ಲ. ಕಾರ್ಬನ್ ಹಗುರ; ಏರುದಾರಿಯಲ್ಲಿ ಅದರ ಲಾಭ ಉಂಟು. ಆದರೆ 1998ರಲ್ಲಿ ಇಟಲಿಯ ಮಾರ್ಕೊ ಪಂಟಾನಿ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಅಲ್ಯೂಮಿನಿಯಂ ಸೈಕಲ್ಲಿನ ಮೇಲೆ. ಸಮತಟ್ಟು ರಸ್ತೆಯಲ್ಲಂತೂ ಸವಾರನ ದೊಡ್ಡ ಎದುರಾಳಿ ತೂಕವಲ್ಲ, ಗಾಳಿ. ಅದರಿಂದ ತಪ್ಪಿಸಿಕೊಳ್ಳಲು ಮುಂದಿನವನ ಚಕ್ರಕ್ಕೆ ಅಂಟಿಕೊಂಡಂತೆ ಹೋಗಬೇಕು. ಅಪಾಯ ಇರುವುದೂ ಅಲ್ಲೇ. ಒಬ್ಬನ ಚಕ್ರ ಇನ್ನೊಬ್ಬನದಕ್ಕೆ ತಗುಲಿತೆಂದರೆ ತಪ್ಪಿಲ್ಲದ ಹತ್ತು ಮಂದಿಯೂ ನೆಲ ಕಾಣುತ್ತಾರೆ.

ಬಿದ್ದ ಮೇಲೆ ಲೋಹಕ್ಕೂ ಕಾರ್ಬನ್ನಿಗೂ ವ್ಯತ್ಯಾಸ ತಿಳಿಯುತ್ತದೆ. ಉಕ್ಕಿನ ಚೌಕಟ್ಟು ಬಾಗಿದರೆ ಕಣ್ಣಿಗೆ ಕಾಣುತ್ತದೆ. ಎಷ್ಟೋ ಸಲ ಊರ ಬೆಸುಗೆಯವನೇ ಸರಿಮಾಡಿಯಾನು. ಅಲ್ಯೂಮಿನಿಯಂ ರಿಪೇರಿ ಕಷ್ಟ, ಆದರೆ ಬೆಲೆ ಕಡಿಮೆ. ಕಾರ್ಬನ್ ಹೊರಗೆ ಸರಿಯಿದ್ದಂತೆ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು. ಬಲ್ಲವರು ಪರೀಕ್ಷಿಸದೆ ಮತ್ತೆ ಏರುವುದು ತರವಲ್ಲ.

ಇನ್ನೊಂದು ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ. ಅಮ್ಮನ ಬಳೆಯಿಂದ ಬಂದ ಸೈಕಲ್ಲು ಎಂಬ ನೆನಪು ತಲೆಯಲ್ಲಿ ಕೂತರೆ ಹುಡುಗನ ಬೆರಳು ಬ್ರೇಕು ಬಿಡುವುದಿಲ್ಲ. ಗುಂಪಿನಿಂದ ಹಿಂದೆ ಸರಿಯುತ್ತಾನೆ; ಗಾಳಿಗೆ ಒಬ್ಬನೇ ಎದೆಯೊಡ್ಡಿ ದಣಿಯುತ್ತಾನೆ. ಹಗುರ ಸೈಕಲ್ಲಿನ ಮೇಲೆ ಭಾರವಾದ ಮನಸ್ಸು.

ಹಳೆಯ ಸವಾರರ ಮಾತೊಂದಿದೆ: ಮತ್ತೆ ಕೊಳ್ಳಲಾಗದ ಸೈಕಲ್ಲನ್ನು ರೇಸಿಗೆ ಇಳಿಸಬೇಡ. ತಂದೆತಾಯಿ ಕೇಳಬೇಕಾದ ಪ್ರಶ್ನೆಯೂ ಅದೇ. ‘ಕೊಳ್ಳಬಹುದೇ’ ಎಂದಲ್ಲ, ‘ಭಾನುವಾರ ಮುರಿದರೆ ಸೋಮವಾರ ತಡೆದುಕೊಳ್ಳಬಹುದೇ’ ಎಂದು. ಒಬ್ಬೊಬ್ಬರನ್ನೇ ಬಿಡುವ ಟೈಂ ಟ್ರಯಲ್ಲಿನಲ್ಲಿ ಗುಂಪಿನ ಡಿಕ್ಕಿಯ ಭಯವಿಲ್ಲ. ದುಬಾರಿ ಸೈಕಲ್ಲು ಎರವಲು ಸಿಕ್ಕರೆ ಅಲ್ಲಿ ಬಳಸಬಹುದು. ಗುಂಪು ರೇಸಿಗೆ ಅಳತೆಗೆ ಹೊಂದುವ ಅಲ್ಯೂಮಿನಿಯಂ ಸಾಕು.

ಉಳಿದ ಹಣ ಒಳ್ಳೆಯ ಟೈರು, ಬ್ರೇಕು, ಎಲ್ಲಕ್ಕಿಂತ ಮೊದಲು ಹೆಲ್ಮೆಟ್ಟಿಗೆ ಹೋಗಲಿ. 2003ರ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಕಜಕಿಸ್ತಾನದ ಆಂದ್ರೇ ಕಿವಿಲೆವ್ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡರು. ಹೆಲ್ಮೆಟ್ ಹಾಕಿರಲಿಲ್ಲ. ಅದೇ ವರ್ಷ ವೃತ್ತಿಪರ ರೇಸುಗಳಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಸೈಕಲ್ಲು ಇನ್ನೊಂದು ಬಂದೀತು. ಕಾರ್ಬನ್ ಕೂಡ, ಹುಡುಗನ ಕಾಲು ಬಲಿತ ಮೇಲೆ, ತಾನಾಗಿ ಬಂದೀತು.