ತೆಂಗಿನ ಸೀಮೆಯಲ್ಲಿ ತೈಲಚಿತ್ರ

ಗುಬ್ಬಿಯನ್ನು ದಾಟಿ ರೈಲು ತಿಪಟೂರಿನ ಕಡೆಗೆ ಸಾಗಿದಂತೆ ಕಿಟಕಿಯ ಎರಡು ಪಕ್ಕಗಳಲ್ಲಿಯೂ ತೆಂಗಿನ ತೋಟಗಳೇ ಕಣ್ಣಿಗೆ ಬೀಳುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬಾಳು ಕೊಬ್ಬರಿಯ ಧಾರಣೆಯೊಡನೆ ಏರಿಳಿಯತಕ್ಕದ್ದು. ಕಿತ್ತ ಕಾಯನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡ ಸದ್ದಾದಾಗ ಸುಲಿದು ಒಡೆಯುತ್ತಾರೆ. ಅದೇ ಹೆಸರಾದ ಉಂಡೆ ಕೊಬ್ಬರಿ.

ಇಂತಹ ಸೀಮೆಯ ಯುವಕನೊಬ್ಬನಿಗೆ ತನ್ನ ಮನೆಯ ಅಜ್ಜನ ಮುಖವನ್ನು, ಅಜ್ಜ ಇರುವಾಗಲೇ, ತೈಲವರ್ಣದಲ್ಲಿ ಬರೆದಿಡುವ ಹಂಬಲ ಹುಟ್ಟಿತೆನ್ನಿ. ಎಣ್ಣೆಗೇನು ಬರ ಎಂದು ಓದುಗರು ನಕ್ಕಾರು! ಆದರೆ ಕೊಬ್ಬರಿ ಎಣ್ಣೆ ಒಣಗುವ ಜಾತಿಯದಲ್ಲ. ಅದರಲ್ಲಿ ಬಣ್ಣ ಕಲಸಿದರೆ ವರ್ಷ ಕಳೆದರೂ ಬೆರಳಿಗೆ ಅಂಟೀತು. ಚಿತ್ರಕಾರನಿಗೆ ಬೇಕಾದುದು ಅಗಸೆ ಎಣ್ಣೆ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿ ಪೊರೆಯಾಗುತ್ತದೆ. ರಾಗಿ ಹೊಲದ ಸಾಲಿನಲ್ಲಿ ಬೆಳೆಯುವ ಹುಚ್ಚೆಳ್ಳಿನ ಎಣ್ಣೆಗೆ ಈ ಗುಣ ತಕ್ಕಮಟ್ಟಿಗೆ ಉಂಟು.

ಕಲಿಯುವ ದಾರಿ ಹಳೆಯದು: ಹಿರಿಯರ ಚಿತ್ರವನ್ನು ಮುಂದಿಟ್ಟುಕೊಂಡು ಪ್ರತಿ ಮಾಡುವುದು. ರಮ್ಯಪಂಥದ ದೆಲಾಕ್ರ್ವಾ ಸಹ ಪ್ಯಾರಿಸಿನಲ್ಲಿ ರೂಬೆನ್ಸನ ಚಿತ್ರಗಳನ್ನು ಪ್ರತಿ ಮಾಡಿ ಕೈ ಪಳಗಿಸಿಕೊಂಡವನು. ಆ ಕಾಲದ ಚಿತ್ರಕಾರನೊಬ್ಬ ನಮ್ಮ ನಾಡಿಗೂ ಬಂದಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಐರ್ಲೆಂಡಿನ ಥಾಮಸ್ ಹಿಕಿ ಟಿಪ್ಪುವಿನ ಮಕ್ಕಳನ್ನು ಚಿತ್ರಿಸಿದ. ಸುಮಾರು 1801ರಲ್ಲಿ ದಿವಾನ್ ಪೂರ್ಣಯ್ಯನವರ ತೈಲಚಿತ್ರವನ್ನೂ ಬರೆದ. ಆ ಚಿತ್ರವಿಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾಕೇಂದ್ರದಲ್ಲಿದೆ. ಮೈಸೂರಿನ ದಿವಾನರ ಮುಖ ನೋಡಲು ಸಮುದ್ರ ದಾಟಬೇಕು! ತಿಪಟೂರಿನವನಿಗೆ ದಕ್ಕುವುದು ಅಚ್ಚಿನ ಪ್ರತಿ ಮಾತ್ರ.

ತೊಡಕೆಲ್ಲ ಆ ಅಚ್ಚಿನಲ್ಲೇ ಇದೆ. ಚೌಕಳಿ ಗೆರೆ ಎಳೆದು ಆಕಾರವನ್ನು ಸರಿಯಾಗಿ ಇಳಿಸಬಹುದು. ಕಂದು ಬಣ್ಣವನ್ನು ತೆಳುವಾಗಿ ಬಳಿದು ನೆರಳು ಬೆಳಕುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಈ ಕ್ರಮ ತಪ್ಪಿದರೆ ಬಣ್ಣ ಬಿರಿಯುತ್ತದೆ. ಆದರೆ ಎಲ್ಲಿ ಬಣ್ಣ ದಪ್ಪ, ಎಲ್ಲಿ ತೆಳುವು ಎಂಬುದನ್ನು ಚಪ್ಪಟೆ ಕಾಗದ ಹೇಳಲಾರದು. ಹಳೆಯ ಚಿತ್ರಗಳ ಮೇಲಣ ವಾರ್ನಿಷು ಹಳದಿಗಟ್ಟುವುದೂ ಉಂಟು. ಆ ಹಳದಿಯನ್ನೇ ಚರ್ಮದ ಬಣ್ಣವೆಂದು ನಂಬಿದವನ ಕುಂಚದಿಂದ ಕಾಮಾಲೆಯ ಮುಖವೇ ಹೊರಡುತ್ತದೆ.

ಮುಖದ ಉಬ್ಬುತಗ್ಗು ತಿಳಿಯಲು ದೂರ ಹೋಗಬೇಕಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇಗುಲವಿದೆ. ಅದರ ಭುವನೇಶ್ವರಿಯಲ್ಲಿ ನಟರಾಜನೂ ಸುತ್ತಲೂ ದಿಕ್ಪಾಲಕರೂ ಇದ್ದಾರೆ. ಓರೆ ಬೆಳಕಿನಲ್ಲಿ ಕತ್ತೆತ್ತಿ ನೋಡಿದರೆ ಕೆನ್ನೆಯ ಮೇಲೆ ನೆರಳು ಹೇಗೆ ಹೊರಳುತ್ತದೆಂಬುದು ಕಲ್ಲಿನಲ್ಲೇ ಕಾಣಬರುತ್ತದೆ. ಕತ್ತು ನೋಯುವುದಂತೂ ನಿಶ್ಚಯ.

ಬಣ್ಣದ ಗುಟ್ಟಿಗೆ ಮಾತ್ರ ತುರುವೇಕೆರೆ, ನಾಗಮಂಗಲಗಳ ಮೇಲೆ ಮೈಸೂರಿಗೇ ಹೋಗಬೇಕು. ಜಗನ್ಮೋಹನ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ. ಅಲ್ಲಿ ರವಿವರ್ಮರ ತೈಲಚಿತ್ರಗಳುಂಟು. ಅವರಿಗೂ ಗುರುವಿನ ಪಾಠ ಸುಲಭವಾಗಿ ದೊರೆತುದಲ್ಲ; 1868ರಲ್ಲಿ ತಿರುವಾಂಕೂರಿಗೆ ಬಂದ ಥಿಯೊಡೋರ್ ಜೆನ್ಸನ್ ಬರೆಯುವುದನ್ನು ನೋಡಿ ಕಲಿತವರು. ಚಿತ್ರದ ಎದುರಿಗೆ ನಿಲ್ಲದೆ ತುಸು ಪಕ್ಕಕ್ಕೆ ಸರಿದು ನಿಂತರೆ, ಬಣ್ಣದ ಏರುತಗ್ಗುಗಳೂ ಕುಂಚ ಹಾದ ಜಾಡೂ ಬೆಳಕಿಗೆ ತೋರುತ್ತವೆ. ಅಚ್ಚಿನಲ್ಲಿ ಕಾಣದ್ದು ಇದೇ.

ಊರಿಗೆ ಮರಳಿ ಪೂರ್ಣಯ್ಯನವರ ಪ್ರತಿಯನ್ನು ಮುಗಿಸಿದರೂ ಕೂಡಲೇ ವಾರ್ನಿಷು ಹಚ್ಚುವಂತಿಲ್ಲ. ಆರು ತಿಂಗಳಾದರೂ ಒಣಗಬೇಕು. ಅಷ್ಟರಲ್ಲಿ ಹೊಸ ಕ್ಯಾನ್ವಾಸನ್ನು ಬಿಗಿದು ಅಜ್ಜನನ್ನು ಜಗಲಿಯ ಬೆಳಕಿನಲ್ಲಿ ಕೂರಿಸಬಹುದು. ಅಜ್ಜನಿಗೋ ಅದು ಕಾಯಿ ಸುಲಿಸುವ ಕಾಲ. ಅರ್ಧ ಗಂಟೆಯ ಮೇಲೆ ಕುಳಿತಿರುವ ಆಸಾಮಿಯಲ್ಲ.