ಚೌರಪ್ಪನೋ, ಚೌರಮ್ಮನೋ?

2024ರ ಡಿಸೆಂಬರಿನಲ್ಲಿ ಹೊಸೂರು ಕಡೆಯ ನಾವು ಕೆಲವು ಕುಟುಂಬಗಳು ಸೇರಿ ಹಳೆ ಗೋವಾಕ್ಕೆ ಯಾತ್ರೆ ಹೋಗಿದ್ದೆವು. ಹತ್ತು ವರ್ಷಕ್ಕೊಮ್ಮೆ ನಡೆಯುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರದ ದರ್ಶನ ಆ ವರ್ಷ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು. ನಮ್ಮ ಬಸ್ಸಿನಲ್ಲಿ ಮೂರು ತಿಂಗಳ ಒಂದು ಹೆಣ್ಣು ಕೂಸೂ ಇತ್ತು. ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗದಿದ್ದಾಗ ಆ ಮನೆಯ ಅಜ್ಜಿ ಹರಕೆ ಹೊತ್ತಿದ್ದರು: ಮಗುವಾದರೆ ಈ ಸಂತರ ಹೆಸರನ್ನೇ ಇಡುತ್ತೇವೆ ಎಂದು. ಹುಟ್ಟಿದ್ದು ಹೆಣ್ಣು. "ಚೌರಮ್ಮ ಅಂತ ಇಡೋಣ, ನಮ್ಮತ್ತೆ ಹೆಸರೂ ಅದೇ" ಎಂದರು ಅಜ್ಜಿ. "ಸ್ಕೂಲಲ್ಲಿ ನಗ್ತಾರೆ ಅತ್ತೆ. ಕ್ಸೇವಿಯರ್ ಅನ್ನೋದು ಗಂಡಸರ ಹೆಸರು" ಎಂದಳು ಸೊಸೆ. ಜ್ಞಾನಸ್ನಾನ ಎರಡು ಸಲ ಮುಂದಕ್ಕೆ ಹೋಯಿತು. ಕೊನೆಗೆ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಬಸ್ಸಿನಲ್ಲೂ ಬೇರೆ ಬೇರೆ ಸೀಟು.

ಸಂತರ ಶರೀರ ಇರುವುದು 1605ರಲ್ಲಿ ಅಭಿಷೇಕಗೊಂಡ ಬೊಮ್ ಜೀಸಸ್ ಬಸಿಲಿಕಾದಲ್ಲಿ. ದರ್ಶನಕ್ಕೆಂದು ಅದನ್ನು ಎದುರಿನ ಸೇ ಕಥೀಡ್ರಲ್‌ಗೆ ಮೆರವಣಿಗೆಯಲ್ಲಿ ತಂದಿದ್ದರು. ಬಿಸಿಲಿನಲ್ಲಿ ಉದ್ದನೆಯ ಸಾಲು. ಕೂಸು ಅಳತೊಡಗಿತು. ನಮ್ಮ ಜೊತೆ ಬಂದಿದ್ದ ಸ್ವಾಮಿಯವರು ಆಗ ಮಾತು ತೆಗೆದರು.

"ಕ್ಸೇವಿಯರ್ ಅನ್ನುವುದು ಗಂಡಿನ ಹೆಸರೂ ಅಲ್ಲ, ಹೆಣ್ಣಿನದೂ ಅಲ್ಲ. ಅದೊಂದು ಮನೆಯ ಹೆಸರು. ಸ್ಪೇನಿನ ನವಾರ್ರದಲ್ಲಿ ಬಾಸ್ಕ್ ಭಾಷೆ ಇದೆ. ಅದರಲ್ಲಿ 'ಎಚೆ' ಅಂದರೆ ಮನೆ, 'ಬೆರ್ರಿ' ಅಂದರೆ ಹೊಸದು. ಎರಡೂ ಸೇರಿ ಸವೆದು ಕ್ಸೇವಿಯರ್ ಆಯಿತು. ನಮ್ಮ ಭಾಷೆಯಲ್ಲಿ ಹೊಸಮನೆ! 1506ರಲ್ಲಿ ಸಂತರು ಹುಟ್ಟಿದ ಆ ಕೋಟೆಮನೆ ಅವರ ತಾಯಿಗೆ ತವರಿನಿಂದ ಬಂದದ್ದು. ತಂದೆಯ ಮನೆತನದ ಹೆಸರು ಹಾಸ್ಸೊ. ಲೋಕವೆಲ್ಲ ಇವರನ್ನು ಕರೆಯುವುದು ತಾಯಿಯ ಮನೆ ಹೆಸರಿನಿಂದ."

ಸಾಲಿನಲ್ಲಿದ್ದ ನಾವೆಲ್ಲ ಕಿವಿಗೊಟ್ಟೆವು. ಲೂರ್ದೂ ಒಂದು ಊರು. 1858ರಲ್ಲಿ ಅಲ್ಲಿ ಮಾತೆ ಮರಿಯಳು ದರ್ಶನ ಕೊಟ್ಟಿದ್ದರಿಂದ ಅದು ಹೆಣ್ಣುಮಕ್ಕಳ ಹೆಸರಾಯಿತು. ಆದರೆ ನಮ್ಮ ಕಡೆ ಅದಕ್ಕೆ 'ಸ್ವಾಮಿ' ಸೇರಿಸಿ ಗಂಡುಮಕ್ಕಳಿಗೂ ಇಡುತ್ತೇವೆ. 1968ರಿಂದ 1971ರವರೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದವರು ಲೂರ್ದುಸ್ವಾಮಿಯವರಲ್ಲವೇ? ಮರಿಯಮ್ಮ ಇರುವ ಊರಲ್ಲಿ ಮರಿಯಪ್ಪನೂ ಇದ್ದಾನೆ. ಅಂತೋಣಪ್ಪನ ಪಕ್ಕದ ಮನೆಯಲ್ಲೇ ಅಂತೋಣಮ್ಮ. ಹೆಸರು ಒಂದೇ. ಹಿಂದೆ ಅಪ್ಪ ಅಮ್ಮ ಸೇರಿಸಿದವರು ನಮ್ಮ ಹಿರಿಯರು.

"ಚೌರಮ್ಮ ಬೇಡವಾದರೆ ಕ್ಸೇವಿಯರ್ ಅಂತಲೇ ಇಡಿ" ಎಂದರು ಸ್ವಾಮಿಯವರು. "1850ರಲ್ಲಿ ಇಟಲಿಯಲ್ಲಿ ಹುಟ್ಟಿದ ಫ್ರಾನ್ಸೆಸ್ಕಾ ಕ್ಯಾಬ್ರಿನಿ ಕನ್ಯಾಸ್ತ್ರೀಯಾದಾಗ ಇದೇ ಸಂತರ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡರು. ಅಮೆರಿಕದಲ್ಲಿ ವಲಸೆ ಬಂದ ಬಡವರ ಸೇವೆ ಮಾಡಿದರು. 1946ರಲ್ಲಿ ಧರ್ಮಸಭೆ ಅವರನ್ನು ಸಂತಳೆಂದು ಘೋಷಿಸಿತು. ಯಾರೂ ನಗಲಿಲ್ಲ."

ಸೊಸೆ ಏನೂ ಹೇಳಲಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಬಂದಾಗ ಮಾತ್ರ ಕೂಸನ್ನು ಅತ್ತೆಯ ಕೈಗೆ ಕೊಟ್ಟಳು. ಅಜ್ಜಿ ಕಣ್ಣೊರೆಸಿಕೊಂಡು ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಿದರು. ಹಿಂದಿರುಗುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು.

ಜನವರಿಯಲ್ಲಿ ನಮ್ಮ ದೇವಾಲಯದಲ್ಲಿ ಜ್ಞಾನಸ್ನಾನವಾಯಿತು. ದಾಖಲೆ ಪುಸ್ತಕದಲ್ಲಿ 'ಫ್ರಾನ್ಸಿಸ್ಕಾ ಕ್ಸೇವಿಯರ್' ಎಂದು ಬರೆದಿದೆ. ಅಜ್ಜಿ ಕರೆಯುವುದು ಚೌರಮ್ಮ ಎಂದೇ. ಮೊನ್ನೆ ಅವರ ಮನೆಗೆ ಹೋದಾಗ, ಊಟ ಬೇಡವೆಂದು ಓಡುತ್ತಿದ್ದ ಮಗುವನ್ನು ಅದರ ತಾಯಿಯೂ "ಏ ಚೌರಮ್ಮಾ, ಬಾರೇ ಇಲ್ಲಿ" ಎಂದು ಕೂಗುತ್ತಿದ್ದುದನ್ನು ನಾವೇ ಕೇಳಿದೆವು.

ನಮ್ಮ ಮನೆಗಳಲ್ಲಿ ಈಗ ಯಾರಿಗೂ ಇಲ್ಲದ ಹೆಸರು ಬೇಕೆಂದು ಹುಡುಕುವವರು ಬಹಳ. ಹುಡುಕಲಿ, ತಪ್ಪಿಲ್ಲ. ಅದಕ್ಕೆ ಮೊದಲು ಮನೆಯ ಅಜ್ಜಿಯ ಪಕ್ಕ ಒಂದು ಗಳಿಗೆ ಕುಳಿತು, ಅವರ ಅತ್ತೆಯ ಹೆಸರೇನೆಂದು ಕೇಳೋಣ.